ಎಲ್ಲಿ ನಿಂತಿದ್ದೆ ಮಾರಾಯ?

ಮಂಗಳೂರು-ಉಡುಪಿ ಕಡೆಯ ರಾಕ್ ಹುಚ್ಚರ ಕನ್ಸರ್ಟ್ ನೆನಪುಗಳನ್ನು ಕೂಡಿಹಾಕುವುದು ನನ್ನ ಹವ್ಯಾಸ. ಸುರತ್ಕಲ್ ಎನ್‌ಐಟಿಕೆಯ ಇನ್ಸಿಡೆಂಟ್, ಮಣಿಪಾಲದ ರೆವೆಲ್ಸ್ ಎಂಬ ಕಾಲೇಜು ಉತ್ಸವಗಳನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ನಾವು ಘಾಟಿ ಹತ್ತಲೇಬೇಕು. ಹಾಗಾಗಿ ಇಲ್ಲಿಯವರ ನೆನಪಿನಲ್ಲಿ ಅರ್ಧ ಗಿಟಾರ್, ಅರ್ಧ ಶಿರಾಡಿ.

"ಹೇಗಿತ್ತು?" ಅಂತ ಕೇಳಿದರೆ "ಬೆಂಕಿ!" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ನಾನು ಕೇಳುವುದು "ಎಲ್ಲಿ ನಿಂತಿದ್ದೆ?" ಅಂತ. ಆಗ ಬಾಯಿ ಬಿಡುತ್ತಾರೆ. ಸ್ಪೀಕರಿನ ಎಡಕ್ಕೆ ನಿಂತದ್ದು, ಮುಂದಿನವನ ತಲೆ ಅಡ್ಡ ಬಂದದ್ದು, ಬಾಸ್ ಹೊಡೆದಾಗ ಅಂಗಿ ಎದೆಗೆ ಬಡಿದದ್ದು, ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ಮೆಜೆಸ್ಟಿಕ್‌ಗೆ ಬಂದದ್ದು. ಬರೆದು ಕಳಿಸಿ ಅಂದರೆ ಎರಡು ಸಾಲು ಬರುತ್ತದೆ. ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಿ ಅಂದರೆ ನಿಲ್ಲಿಸುವುದೇ ಕಷ್ಟ. ಹೆಚ್ಚಿನವರು ತುಳುವಿನಲ್ಲೇ ಹೇಳುತ್ತಾರೆ. ನಾನು ಕನ್ನಡದಲ್ಲಿ ಬರೆದಿಡುತ್ತೇನೆ, ಬೈಗುಳ ಮಾತ್ರ ತುಳುವಿನಲ್ಲೇ ಉಳಿಯುತ್ತದೆ. ಅದಕ್ಕೆ ಬೇರೆ ದಾರಿಯಿಲ್ಲ.

ತಲೆನೋವು ಇರುವುದು ಇಸವಿಯಲ್ಲಿ. ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಹಾಡಿತು, 2009ರ ಫೆಬ್ರವರಿಯಲ್ಲಿ ಅದೇ ಮೈದಾನಕ್ಕೆ ಮತ್ತೆ ಬಂತು. ಎರಡಕ್ಕೂ ಹೋದವರ ತಲೆಯಲ್ಲಿ ಎರಡೂ ಕಲಸಿ ಒಂದಾಗಿದೆ. ಬಿಡಿಸಲು ನನ್ನ ಹತ್ತಿರ ಕೆಲವು ಗುರುತುಗಳುಂಟು. "ಮೊದಲು ಯಾರೋ ಪಿಟೀಲು ಬಾರಿಸಿದರು" ಅಂದರೆ ಅದು 2007: ಆವತ್ತು ಮೇಡನ್‌ಗಿಂತ ಮೊದಲು ವೇದಿಕೆ ಹತ್ತಿದ ದೆಹಲಿಯ ಪರಿಕ್ರಮ ತಂಡದಲ್ಲಿ ಪಿಟೀಲು ಇತ್ತು. ಮೇಡನ್ ತಂಡದ 2006ರ ಆಲ್ಬಮ್ಮಿನ ಹಾಡು ಕೇಳಿದ್ದೇನೆ ಅಂದರೂ 2007ವೇ, ಏಕೆಂದರೆ 2009ರದ್ದು ಎಂಬತ್ತರ ದಶಕದ ಹಾಡುಗಳ ಪ್ರವಾಸ. ಎಲ್ಲಕ್ಕಿಂತ ನಂಬಿಕೆಯ ಗುರುತು ರೈಲು. ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆದ ಮೇಲೆ ಸಕಲೇಶಪುರದ ದಾರಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಕನ್ಸರ್ಟ್ ಮುಗಿಸಿ ಆ ದಾರಿಯಲ್ಲಿ ರೈಲಿನಲ್ಲಿ ಮಲಗಿ ಬಂದೆ ಅನ್ನುವವನು ಮಾರ್ಚಿನ ಕಥೆ ಹೇಳುತ್ತಿಲ್ಲ.

2011ರ ಅಕ್ಟೋಬರ್ 30ರಂದು ಬೆಂಗಳೂರಿನಲ್ಲಿ ನಡೆದ ಅಮೆರಿಕದ ಮೆಟಾಲಿಕಾ ತಂಡದ ಕನ್ಸರ್ಟಿಗೆ ಇಷ್ಟೆಲ್ಲ ಪತ್ತೇದಾರಿ ಬೇಡ. ಎರಡು ದಿನ ಮೊದಲು ಅವರ ಗುರುಗ್ರಾಮದ ಕಾರ್ಯಕ್ರಮ ರದ್ದಾಗಿತ್ತಲ್ಲ, "ನಮ್ಮದೂ ಕೈಕೊಟ್ಟರೆ?" ಎಂಬ ಹೆದರಿಕೆಯಲ್ಲೇ ಬಸ್ ಹತ್ತಿದ್ದೆವು ಅಂತ ಎಲ್ಲರೂ ಹೇಳುತ್ತಾರೆ.

ಈ ನೆನಪುಗಳಿಂದಲೇ ನಾನು ಸಂಗೀತ ಶಿಫಾರಸು ಮಾಡುವುದನ್ನೂ ಕಲಿತೆ. ಇಂಟರ್‌ನೆಟ್ಟಿನಲ್ಲಿ ಸಿಗುವ "ಸಾಯುವ ಮೊದಲು ಕೇಳಲೇಬೇಕಾದ" ಪಟ್ಟಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಮನುಷ್ಯನ ಕಿವಿ ಎಲ್ಲಿ ನಿಂತಿತು ಅಂತ ನೋಡಬೇಕು. ಪಿಟೀಲನ್ನು ನೆನಪಿಟ್ಟ ಗೆಳೆಯನಿಗೆ ಪಿಟೀಲು ಇರುವ ಜಾಝ್-ರಾಕ್ ತಂಡ ಮಹಾವಿಷ್ಣು ಆರ್ಕೆಸ್ಟ್ರಾದ 1971ರ ಆಲ್ಬಮ್ ಕೊಟ್ಟೆ; "ಇದು ಲೆಕ್ಕದ ಕ್ಲಾಸು" ಅಂತ ವಾಪಸ್ ಮಾಡಿದ. ಪಿಟೀಲೇ ಇರುವ ಅಮೆರಿಕದ ರಾಕ್ ತಂಡ ಕ್ಯಾನ್ಸಾಸ್ ಕೊಟ್ಟೆ, ಕಚ್ಚಿಕೊಂಡ. ಬ್ರಹ್ಮಾವರದ ಯಕ್ಷಗಾನ ಪ್ರೇಮಿಯೊಬ್ಬರಿಗೆ ರಾಕ್ ಎಂದರೆ ಬರೀ ಗಲಾಟೆ. ಅವರಿಗೆ ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್ 1972ರ ಆಗಸ್ಟಿನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ ಧ್ವನಿಮುದ್ರಿಸಿದ ಲೈವ್ ಆಲ್ಬಮ್ ಕೇಳಿಸಿದೆ, ಅದರಲ್ಲೂ ಸಣ್ಣ ಆರ್ಗನ್ನಿನಿಂದ ಶುರುವಾಗಿ ಹಾಡುಗಾರ ಇಯಾನ್ ಗಿಲನ್ ಕಿರುಚುವಲ್ಲಿಗೆ ಏರುವ ಹನ್ನೆರಡು ನಿಮಿಷದ ಹಾಡು. ಭಾಗವತರ ಏರುಸ್ವರಕ್ಕೆ ರಾತ್ರಿಯಿಡೀ ಕೂತವರಿಗೆ ಆ ಕಿರುಚಾಟ ಏನೂ ಅನಿಸಲಿಲ್ಲ. "ಶ್ರುತಿ ಬಿಟ್ಟಿಲ್ಲ ಅಂವ" ಅಂದರು. ಡ್ರಮ್ ಸೋಲೋ ಮಾತ್ರ ಅವರಿಗೆ ಇವತ್ತಿಗೂ ಒಗ್ಗಿಲ್ಲ, ಚೆಂಡೆಯವನಾದರೆ ಇಷ್ಟು ಹೊತ್ತು ಬಿಡುತ್ತಿದ್ದರಾ ಅಂತ ಕೇಳುತ್ತಾರೆ.

ಸ್ಟುಡಿಯೋ ಆಲ್ಬಮ್‌ಗಿಂತ ಮೊದಲು ಲೈವ್ ಕೊಡುವುದು ಈಗ ನನ್ನ ರೂಢಿ. ಜನರ ಗದ್ದಲ, ಹಾಡುಗಾರ ಉಸಿರು ಎಳೆಯುವುದು ಕೇಳಿದರೆ ಹೊಸಬರು ಬೇಗ ಹತ್ತಿರವಾಗುತ್ತಾರೆ.

ಸದ್ಯ ಬೆನ್ನು ಹತ್ತಿರುವುದು 2002ರಲ್ಲಿ ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದಾಗಿನ ನೆನಪುಗಳನ್ನು. ಆಗ ಕ್ಯಾಮೆರಾ ಫೋನ್ ಇಲ್ಲ, ಫೋಟೋ ಇಟ್ಟವರೇ ಇಲ್ಲ. ಕುಂದಾಪುರದಲ್ಲಿ ಒಬ್ಬರು ಸಿಕ್ಕಿದ್ದಾರೆ, ಟಿಕೆಟಿನ ತುಂಡು ಇನ್ನೂ ಉಂಟಂತೆ. ಬರುವ ಭಾನುವಾರ ಹೋಗಿ ಕೇಳಬೇಕು, ಎಲ್ಲಿ ನಿಂತಿದ್ದಿರಿ ಅಂತ.