ಕೈ ಕೊಡಿಸಿ ಕಳಿಸಬೇಡಿ: ಹೈಸ್ಕೂಲು ಮಕ್ಕಳ ಕಾಟದ ಬಗ್ಗೆ ಒಬ್ಬ ಪಿಟಿ ಮಾಸ್ತರನ ಮಾತು

ಅಂಕೋಲೆ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಪಿಟಿ ಮಾಸ್ತರ. ಸೀಟಿ ಊದಲು ಶುರುಮಾಡಿ ಇಪ್ಪತ್ತೆರಡು ವರ್ಷ ಆಯಿತು. ಪಾಠ ಮಾಡುವವರಿಗೆ ಮಕ್ಕಳ ಮುಖ ಕಾಣುತ್ತದೆ, ನನಗೆ ಬೆನ್ನು ಕಾಣುತ್ತದೆ. ಯಾರ ಹಿಂದೆ ಯಾರು ಹೋದರು, ಯಾರನ್ನು ಕಂಡು ಯಾರು ದಾರಿ ಬದಲಿಸಿದರು, ಎಲ್ಲ ಗ್ರೌಂಡಿನ ಮೂಲೆಯಿಂದ ಗೊತ್ತಾಗುತ್ತದೆ. ಇಷ್ಟಿದ್ದೂ ಒಬ್ಬ ಹುಡುಗನ ವಿಷಯದಲ್ಲಿ ಪೂರ್ತಿ ಎಡವಿದೆ. ಅಲ್ಲಿಂದಲೇ ಹೇಳುತ್ತೇನೆ.

ಒಂಬತ್ತನೇ ತರಗತಿಯವನು. ಘಟ್ಟದ ಬುಡದ ಊರಿಂದ ಬಸ್ಸಿಗೆ ಬರುತ್ತಿದ್ದ. ಯಕ್ಷಗಾನ ಕಲಿಯುತ್ತಿದ್ದ, ಊರಿನ ಆಟದಲ್ಲಿ ಮೋಹಿನಿಯ ವೇಷ ಮಾಡಿದ್ದ. ಅದರ ವಿಡಿಯೋ ಯಾರದೋ ಫೋನಿಗೆ ಬಂತು. ಮರುದಿನದಿಂದ ಅವನ ಹೆಸರೇ ಮೋಹಿನಿ. ಹಾಜರಿ ಕೂಗುವಾಗ ಅವನ ನಂಬರು ಬಂದರೆ ಹಿಂದಿನ ಬೆಂಚಿನಿಂದ ಭಾಗವತರ ಆಲಾಪ. ಬಸ್ಸಿನಲ್ಲಿ ಅವನ ಚೀಲ ಕಿತ್ತು ಕೈಯಿಂದ ಕೈಗೆ ಹಿಂದಕ್ಕೆ ದಾಟಿಸುವುದು. ಇದಕ್ಕೆಲ್ಲ ಮುಂದಾಳು ನನ್ನ ವಾಲಿಬಾಲ್ ತಂಡದ ಅಟ್ಯಾಕರ್, ಹತ್ತನೇ ತರಗತಿಯವನು. ತಾಲೂಕು ಕ್ರೀಡಾಕೂಟಕ್ಕೆ ಹದಿನೈದು ದಿನ ಇತ್ತು.

ದೂರು ಬಂದಾಗ ನಾನು ಮಾಡಿದ್ದು ನಮ್ಮ ಕಡೆಯ ಎಲ್ಲ ಶಾಲೆಗಳಲ್ಲಿ ಮಾಡುವುದನ್ನೇ. ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿ, 'ಕೈ ಕೊಡ್ರೋ, ನಾಳೆಯಿಂದ ದೋಸ್ತರು' ಅಂದೆ. ಕೈ ಕೊಟ್ಟರು. ದೊಡ್ಡವನು ಹಿಡಿದ ರಭಸಕ್ಕೆ ಚಿಕ್ಕವನ ಹೆಬ್ಬೆರಳಿನ ಉಗುರು ಬೆಳ್ಳಗಾದದ್ದು ನನಗೆ ಕಂಡಿತ್ತು. ಹುಡುಗರ ಜೋಶು ಅಂದುಕೊಂಡು ಚಹಾ ಕುಡಿಯಲು ಹೋದೆ. ಕೈ ಕೊಡಿಸಿದೆ ಎಂದುಕೊಂಡಿದ್ದೆ, ಆ ಹುಡುಗನಿಗೆ ಕೈ ಕೊಟ್ಟವನು ನಾನೇ.

ನಾಲ್ಕು ವಾರದ ಮೇಲೆ ಹಾವೇರಿ ಕಡೆಯ ಕಂಡಕ್ಟರೊಬ್ಬರು ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದರು: 'ಸರ್, ನಿಮ್ಮ ಸಾಲಿ ಹುಡುಗ ಒಬ್ಬಾಂವ ದಿನಾ ಎರಡು ಸ್ಟಾಪ್ ಮೊದಲ ಇಳೀತಾನ್ರಿ. ಪಾಸ್ ನೋಡಿದ್ರ ಊರ ತನಕ ಐತಿ.' ಮಳೆಗಾಲದಲ್ಲಿ ಮೂರು ಕಿಲೋಮೀಟರ್ ನಡೆದು ಮನೆಗೆ ಹೋಗುತ್ತಿದ್ದ, ಆ ಎರಡು ಸ್ಟಾಪಿನ ಹಿಂಸೆ ತಪ್ಪಿಸಿಕೊಳ್ಳಲು.

ಜಗಳ ಬೇರೆ, ಕಾಟ ಬೇರೆ

ನಮ್ಮಲ್ಲಿ ಇದಕ್ಕೆ ಸಣ್ಣ ಸಣ್ಣ ಮಾತುಗಳೇ ಇರುವುದು: ಕೀಟಲೆ, ಚೇಷ್ಟೆ, ರೇಗಿಸುವುದು, ಗೋಳು ಹೊಯ್ದುಕೊಳ್ಳುವುದು. ಕೇಳಿದರೆ ನಗು ಬರುವಂಥವು. ಅದಕ್ಕೇ ದೊಡ್ಡವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾರ್ವೆಯ ಡಾನ್ ಓಲ್ವೇಯಸ್ ಎಂಬ ಮನೋವಿಜ್ಞಾನಿ 1970ರ ದಶಕದಿಂದಲೇ ಇದನ್ನು ಅಧ್ಯಯನ ಮಾಡಿದವರು. ಅವರ ವಿವರಣೆಯಲ್ಲಿ ಮೂರು ಗುರುತುಗಳಿವೆ: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ಮಾಡುವುದು, ಇಬ್ಬರ ಬಲ ಸಮ ಇಲ್ಲದಿರುವುದು. ಕೊನೆಯದನ್ನೇ ನೋಡಿ. ಸಮಬಲದ ಇಬ್ಬರು ಹೊಡೆದಾಡಿಕೊಂಡರೆ ರಾಜಿ ಮಾಡಿಸಬಹುದು, ಇಬ್ಬರ ಕೈಯಲ್ಲೂ ಬಿಟ್ಟುಕೊಡಲು ಏನೋ ಇರುತ್ತದೆ. ಒಬ್ಬನ ಹಿಂದೆ ಐವರು ಬಿದ್ದಿದ್ದಾರೆ ಅಂದರೆ ಅವನು ಬಿಟ್ಟುಕೊಡುವುದು ಏನನ್ನು? ರಾಜಿ ಮಾಡಿಸಿದ ಕ್ಷಣವೇ 'ದೂರು ಹೇಳಿದವನು ಇವನು' ಎಂದು ನಾವೇ ಬೆರಳು ತೋರಿಸಿದ ಹಾಗೆ.

ಎಲ್ಲಿ ನೋಡಬೇಕು

ದೊಡ್ಡವರ ಕಣ್ಣು ಇಲ್ಲದ ಕಡೆ. ಶೌಚಾಲಯದ ಹಿಂದೆ, ನೀರಿನ ನಲ್ಲಿಯ ಹತ್ತಿರ, ಬಿಸಿಯೂಟದ ಸಾಲಿನ ಕೊನೆಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ. ಮೊಟ್ಟೆ, ಬಾಳೆಹಣ್ಣು ಕೊಡುವ ದಿನ ಒಬ್ಬ ಚಿಕ್ಕ ಹುಡುಗ ತನ್ನ ಬಾಳೆಹಣ್ಣನ್ನು ತಿನ್ನದೆ ಕಿಸೆಗೆ ಹಾಕಿಕೊಂಡರೆ ತಂಗಿಗೆ ಒಯ್ಯುತ್ತಾನೆ ಎಂದು ಖುಷಿಪಡಬೇಡಿ, ಒಮ್ಮೆ ಹಿಂದೆ ಹೋಗಿ ನೋಡಿ. ನಮ್ಮಲ್ಲಿ ಅದು ಎರಡು ತಿಂಗಳು ದೊಡ್ಡವನೊಬ್ಬನಿಗೆ ಕಪ್ಪಕಾಣಿಕೆಯಾಗಿ ಹೋಗುತ್ತಿತ್ತು.

ಕರಾವಳಿಯ ಶಾಲೆಗಳಿಗೆ ಇನ್ನೊಂದು ಕಾಲವೇ ಇದೆ, ಜೂನ್‌ನಿಂದ ಸೆಪ್ಟೆಂಬರ್. ಗ್ರೌಂಡು ಕೆರೆಯಾಗಿರುತ್ತದೆ. ಇನ್ನೂರು ಮಕ್ಕಳು ಒಂದು ಜಗಲಿಯಲ್ಲಿ, ಒದ್ದೆ ಛತ್ರಿಗಳ ನಡುವೆ. ಓಡಲು ಜಾಗ ಇಲ್ಲದ ಹುಡುಗರ ಕೈ ಇನ್ನೊಬ್ಬರ ಮೈಮೇಲೆ ಹೋಗುತ್ತದೆ. ಛತ್ರಿ ಮುರಿಯುವುದು, ಪಟ್ಟಿ ಪುಸ್ತಕ ಹೊಂಡಕ್ಕೆ ಹಾಕುವುದು, ನನ್ನ ಡೈರಿಯಲ್ಲಿ ಇಂಥ ದೂರುಗಳು ಮಳೆ ತಿಂಗಳುಗಳಲ್ಲೇ ಹೆಚ್ಚು. ಈಗ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಖಾಲಿ ಕೋಣೆಯಲ್ಲಿ ಕೇರಂ, ಚೆಸ್ ಹಾಕಿಸುತ್ತೇನೆ, ಜಗಲಿಯ ಎರಡೂ ತುದಿಗೆ ಒಬ್ಬೊಬ್ಬ ಶಿಕ್ಷಕರು. ನಲವತ್ತು ನಿಮಿಷದ ಕೆಲಸ. ಸಹೋದ್ಯೋಗಿಗಳು ಗೊಣಗುತ್ತಾರೆ, ಗೊಣಗಲಿ.

ಹುಡುಗಿಯರಲ್ಲಿ ಕಾಣುವುದು ಇನ್ನೂ ಕಷ್ಟ. ಅಲ್ಲಿ ಹೊಡೆತ ಇಲ್ಲ, ಇಡೀ ತರಗತಿ ಒಬ್ಬಳ ಜೊತೆ ಟೂ ಬಿಟ್ಟಿರುತ್ತದೆ ಅಷ್ಟೇ. ಅಮ್ಮ ಮೀನು ಮಾರುತ್ತಾಳೆ ಎಂಬ ಕಾರಣಕ್ಕೆ ಒಬ್ಬಳು ಬಂದು ಕೂತರೆ ಬೆಂಚಿನವರೆಲ್ಲ ಮೂಗಿಗೆ ವೇಲ್ ಹಿಡಿಯುತ್ತಿದ್ದರು. ಮನೆಗೆ ಹೋದರೆ ಅದೇ ಮೀನಿನ ಸಾರಿಗೆ ಕಾಯುವ ಮಕ್ಕಳು! ಆಗ ಪ್ರಾರ್ಥನೆಯಲ್ಲಿ ನಿಂತು ಸಮಾನತೆಯ ಭಾಷಣ ಮಾಡಿದ್ದರೆ ಇಡೀ ಶಾಲೆ ಅವಳತ್ತ ತಿರುಗಿ ನೋಡುತ್ತಿತ್ತು. ನಮ್ಮ ಕನ್ನಡದ ಅಕ್ಕೋರು ಬೇರೆ ದಾರಿ ಹಿಡಿದರು. ಗಟ್ಟಿ ಮನಸ್ಸಿನ ಇಬ್ಬರು ಹುಡುಗಿಯರನ್ನು ಬೇರೆ ಬೇರೆಯಾಗಿ ಕರೆದು, 'ನಾಳೆಯಿಂದ ಊಟಕ್ಕೆ ಅವಳ ಪಕ್ಕ ಕೂರ್ತೀಯಾ?' ಎಂದು ಕೇಳಿದರು. ಇಬ್ಬರೂ ಕೂತರು. ಮೂರನೇ ವಾರಕ್ಕೆ ವೇಲ್‌ಗಳು ಇಳಿದವು.

ಟೊರಾಂಟೊದ ಶಾಲಾ ಅಂಗಳಗಳಲ್ಲಿ ಚಿತ್ರೀಕರಿಸಿ ಮಾಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಕಾಟ ನಡೆದ ಹತ್ತು ಸಲದಲ್ಲಿ ಒಂಬತ್ತು ಸಲದ ಹತ್ತಿರ ಬೇರೆ ಮಕ್ಕಳು ನೋಡುತ್ತ ನಿಂತಿದ್ದರು. ನಡುವೆ ಬಂದದ್ದು ಐದರಲ್ಲಿ ಒಂದು ಸಲ ಮಾತ್ರ. ಆದರೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು. ನಾನು ಎಲ್ಲ ತರಗತಿಗೂ ಇದನ್ನು ಸೀಟಿಯ ಲೆಕ್ಕದಲ್ಲಿ ಹೇಳುತ್ತೇನೆ: ಒಂದರಿಂದ ಹತ್ತು ಎಣಿಸುವುದರೊಳಗೆ 'ಬಾ, ಹೋಗೋಣ' ಎಂದು ಅವನ ಕೈ ಹಿಡಿದು ಕರೆದುಕೊಂಡು ಬನ್ನಿ. ಕಾಟ ಕೊಡುವವನ ಜೊತೆ ಮಾತು ಬೇಡ, ಹೊಡೆದಾಟ ಬೇಡ. ಅಷ್ಟೂ ಧೈರ್ಯ ಇಲ್ಲವೇ? ನಗಬೇಡಿ, ಫೋನು ಎತ್ತಬೇಡಿ, ನನ್ನ ಹತ್ತಿರ ಬನ್ನಿ.

ಪಿಟಿ ಮಾಸ್ತರರಿಗೆ ಒಂದು ಗುಟ್ಟು. ನಾಯಕರಿಬ್ಬರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಲು ಬಿಡಬೇಡಿ. ಕೊನೆಗೆ ಉಳಿಯುವವನು ದಿನಾ ಅವನೇ, ಅದನ್ನು ಇಡೀ ತರಗತಿ ದಿನಾ ನೋಡುತ್ತದೆ. ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಎಣಿಸಿ ಒಡೆಯಿರಿ. ಇನ್ನೊಂದು, ಅಡ್ಡಹೆಸರು ಹುಟ್ಟುವುದು ಎಷ್ಟೋ ಸಲ ನಮ್ಮ ಬಾಯಲ್ಲೇ. ದಪ್ಪ ಹುಡುಗನೊಬ್ಬನನ್ನು ನಾನು 'ಡ್ರಮ್' ಎಂದು ಕರೆದಿದ್ದೆ, ಪ್ರೀತಿಯಿಂದಲೇ. ಅವನು ಪಾಸಾಗಿ ಹೋಗುವವರೆಗೂ ಡ್ರಮ್ಮೇ ಆಗಿದ್ದ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಾವು ಓದುವುದು ಮೊದಲ ಅರ್ಧ ಮಾತ್ರ.

ವಿಷಯ ಗೊತ್ತಾದ ದಿನ

ಮೊದಲು ನೊಂದವನ ಜೊತೆ ಒಬ್ಬನೇ ಇದ್ದಾಗ ಮಾತಾಡಿ. ಸ್ಟಾಫ್ ರೂಮು ಬೇಡ, ಅಲ್ಲಿಗೆ ಹೋಗಿ ಬಂದವನನ್ನು ಎಲ್ಲರೂ ಗಮನಿಸುತ್ತಾರೆ. ನಾನು ಆಟದ ಸಾಮಾನು ಎಣಿಸಲು ಕರೆಯುತ್ತೇನೆ. ಕೈಯಲ್ಲಿ ಕೆಲಸ ಇದ್ದರೆ, ಕಣ್ಣು ಚೆಂಡಿನ ಮೇಲಿದ್ದರೆ ಹುಡುಗರ ಬಾಯಿ ಬಿಡುತ್ತದೆ. ಮೊದಲ ಉತ್ತರ ಯಾವಾಗಲೂ 'ಎಂತ ಇಲ್ಲ ಸರ್.' ಎರಡನೇ ದಿನವೂ ಕರೆಯಿರಿ. 'ನೀನು ಎಂತ ಮಾಡಿದ್ದೆ?' ಎಂದು ಮಾತ್ರ ಕೇಳಬೇಡಿ. 'ಯಾರಿಗೂ ಹೇಳೂದಿಲ್ಲ' ಎಂದು ಮಾತು ಕೊಡಲೂಬೇಡಿ, ಹೇಳಬೇಕಾಗಿ ಬರುತ್ತದೆ. 'ನಿನಗೆ ತಿಳಿಸದೆ ಎಂತದೂ ಮಾಡೂದಿಲ್ಲ' ಅನ್ನಿ.

ಆಮೇಲೆ ನೋಡಿದವರನ್ನು, ಕೊನೆಗೆ ಕಾಟ ಕೊಟ್ಟವರನ್ನು, ಒಬ್ಬೊಬ್ಬರನ್ನಾಗಿ. ಗುಂಪಾಗಿ ಕರೆಸಿದರೆ ಒಬ್ಬರ ಮುಖ ಒಬ್ಬರು ನೋಡಿ ಒಂದೇ ಕತೆ ಹೇಳುತ್ತಾರೆ. ಅಟ್ಯಾಕರ್‌ನನ್ನು ಎರಡನೇ ಸಲ ಕರೆದಾಗ ನಾನು ಕೂಗಾಡಲಿಲ್ಲ. 'ಅವನು ಎರಡು ಸ್ಟಾಪ್ ಮೊದಲೇ ಇಳಿದು ನಡೆದು ಹೋಗ್ತಾನೆ, ಗೊತ್ತುಂಟಾ?' ಎಂದೆ. ಗೊತ್ತಿತ್ತು. ಕಿಟಕಿಯಿಂದ ನೋಡಿ ನಕ್ಕದ್ದನ್ನು ಅವನೇ ಹೇಳಿದ. ಸ್ಟೇಟಸ್ಸಿಗೆ ಹಾಕಿದ ವಿಡಿಯೋವನ್ನು ಅವನ ಅಪ್ಪನ ಎದುರು ಅಳಿಸಿದ. ಒಂದು ತಿಂಗಳು ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನ ಮೊದಲ ಸೀಟು ಅವನಿಗೆ. ಕ್ರೀಡಾಕೂಟ ಅಷ್ಟರಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿತ್ತು. ಅವನನ್ನು ಬಿಟ್ಟು ಹೋದೆವು, ಮೊದಲ ಪಂದ್ಯದಲ್ಲೇ ಸೋತೆವು. ಊರಿನ ಹಿರಿಯರೊಬ್ಬರು ಇಂದಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಕ್ಷಮೆ ಕೇಳಿಸುವ ಆತುರ ಬೇಡ. ಎದುರಾಎದುರು ಕೂರುವುದು ನೊಂದವನಿಗೆ ಬೇಕಿದ್ದರೆ ಮಾತ್ರ. ನಮ್ಮ ಹುಡುಗನಿಗೆ ಬೇಡವಾಗಿತ್ತು.

ಫೋನಿನ ವಿಷಯ ಬೇರೆಯೇ

ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಹೋದ ಫೋನು ಹಿಂದೆ ಬರಲಿಲ್ಲ. ಬೈಗುಳ, ಬೆದರಿಕೆ ಬಂದರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ತಾರೀಖು ಬರೆದಿಡಿ, ಆಮೇಲೆ ಬ್ಲಾಕ್ ಮಾಡಿ. ಆದರೆ ಮಗುವಿನ ಬಟ್ಟೆ ಇಲ್ಲದ ಅಥವಾ ಲೈಂಗಿಕವಾದ ಚಿತ್ರ, ವಿಡಿಯೋ ಆಗಿದ್ದರೆ 'ಸಾಕ್ಷಿಗೆ' ಎಂದು ಹೆಡ್‌ಮಾಸ್ತರರಿಗೆ, ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಗ್ರೂಪಿಗೆ ಫಾರ್ವರ್ಡ್ ಮಾಡಲೇಬೇಡಿ, ಕಳಿಸುವುದೇ ಅಪರಾಧ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯ ಮರ್ಯಾದೆ ಎಂದು ಮುಚ್ಚಿಟ್ಟರೆ ಮುಚ್ಚಿಟ್ಟವರ ಮೇಲೇ ಪ್ರಕರಣ ಆಗಬಹುದು. ಜಾತಿ ಹಿಡಿದು ಅವಮಾನಿಸುವುದೂ ತಮಾಷೆಯ ಖಾತೆಗೆ ಸೇರುವುದಿಲ್ಲ. ನಮ್ಮ ಜಿಲ್ಲೆಯ ಸಿದ್ದಿಗಳು, ಆಫ್ರಿಕಾ ಮೂಲದ ಜನ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಮಕ್ಕಳು ಯಲ್ಲಾಪುರ, ಹಳಿಯಾಳದ ಕಡೆಯಿಂದ ಹಾಸ್ಟೆಲಿಗೆ ಬಂದಾಗ ಕೂದಲು ಎಳೆದು ನೋಡುವ 'ಕುತೂಹಲ'ವನ್ನು ಮೊದಲ ದಿನವೇ ನಿಲ್ಲಿಸಿ.

ಅಪ್ಪ ಅಮ್ಮಂದಿರಿಗೆ

'ಶಾಲೆ ಹೇಗಿತ್ತು?' ಎಂದರೆ 'ಅಡ್ಡಿಲ್ಲ' ಎಂಬ ಉತ್ತರವೇ ಬರುವುದು. 'ಇವತ್ತು ಬಸ್ಸಲ್ಲಿ ಯಾರ ಪಕ್ಕ ಕೂತಿದ್ದೆ? ಊಟಕ್ಕೆ ಯಾರ ಜೊತೆ?' ಎಂದು ಕೇಳಿ. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಬಂದರೆ ಮಗು ಶೌಚಾಲಯಕ್ಕೆ ಹೋಗಲು ಹೆದರುತ್ತಿರಬಹುದು. ಸೋಮವಾರ ಮಾತ್ರ ಹೊಟ್ಟೆನೋವು, ಮೂರನೇ ಸಲ ಕಳೆದ ಕಂಪಾಸ್ ಪೆಟ್ಟಿಗೆ, ಇವನ್ನು ಒಟ್ಟಿಗೆ ಇಟ್ಟು ನೋಡಿ.

'ನೀನೂ ನಾಲ್ಕು ಬಾರಿಸು' ಎಂದು ಕಳಿಸಬೇಡಿ. ಬಾರಿಸುವ ಶಕ್ತಿ ಇದ್ದಿದ್ದರೆ ಅವನು ನಿಮ್ಮ ಹತ್ತಿರ ಬರುತ್ತಿರಲಿಲ್ಲ. ಆ ಇನ್ನೊಬ್ಬನ ಮನೆ ಬಾಗಿಲಿಗೂ ಹೋಗಬೇಡಿ, ನಮ್ಮ ಊರುಗಳಲ್ಲಿ ಅದು ಗದ್ದೆಯ ಗಡಿ, ದೇವಸ್ಥಾನದ ಲೆಕ್ಕದವರೆಗೆ ಹೋಗುತ್ತದೆ. ಒಂದು ಪಟ್ಟಿಯಲ್ಲಿ ದಿನಾಂಕ, ಜಾಗ, ಯಾರು, ಏನು, ಯಾರು ನೋಡಿದರು ಎಂದು ಬರೆಯಿರಿ. ತರಗತಿ ಶಿಕ್ಷಕರಿಗೆ ಬಾಯಲ್ಲಿ ಹೇಳಿ, ಹೆಡ್‌ಮಾಸ್ತರರಿಗೆ ಬರೆದು ಕೊಡಿ, ನಕಲಿನ ಮೇಲೆ ಸಹಿ ಪಡೆಯಿರಿ. ಅಲ್ಲಿ ಆಗದಿದ್ದರೆ ಎಸ್‌ಡಿಎಂಸಿ, ಬಿಇಒ (ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ). ಅದರ ಮೇಲೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು: ಕರಾವಳಿ ತಾಲೂಕುಗಳಿಗೆ ಕಾರವಾರದಲ್ಲಿ, ಘಟ್ಟದ ಮೇಲಿನವುಗಳಿಗೆ ಶಿರಸಿಯಲ್ಲಿ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

'ನಾನು ಇರೂದೇ ಬೇಡ' ಎಂಬ ಮಾತು ಮಗುವಿನ ಬಾಯಿಂದ ಬಂದರೆ ಮೇಲಿನ ಯಾವ ಮೆಟ್ಟಿಲನ್ನೂ ಕಾಯಬೇಡಿ. ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಅಪಾಯ ಅನ್ನಿಸಿದರೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ 112ಕ್ಕೆ ಫೋನ್ ಮಾಡಿ.

ಶಾಲೆಯವರಿಗೆ ಒಂದು ಮಾತು ಬಾಕಿ. ಕಾಟ ನಿಂತಿತು ಎಂದು ಫೈಲು ಮುಚ್ಚುವುದು ಸುಲಭ. ನಾನು ಡೈರಿಯಲ್ಲಿ ಮುಂದಿನ ಮೂರು ತಾರೀಖು ಬರೆದುಕೊಳ್ಳುತ್ತೇನೆ: ಮೂರು ದಿನಕ್ಕೆ, ಎರಡು ವಾರಕ್ಕೆ, ಮತ್ತೆ ರಜೆ ಮುಗಿದ ಮರುದಿನಕ್ಕೆ. ರಜೆಯಲ್ಲಿ ಹುಡುಗರು ಎಲ್ಲ ಮರೆಯುತ್ತಾರೆ, ಹೆದರಿಕೆಯನ್ನೂ. ಆದ್ದರಿಂದ ದಸರಾ ರಜೆಯ ನಂತರದ ಮೊದಲ ಸಂಜೆ ಬಸ್‌ಸ್ಟಾಪಿನಲ್ಲಿ ನಿಂತು ಯಾರು ಯಾವ ಬಾಗಿಲಿಂದ ಹತ್ತುತ್ತಾರೆ ನೋಡಿ. ಛತ್ರಿ ಇಟ್ಟುಕೊಳ್ಳಿ, ಅಕ್ಟೋಬರ್ ಮಳೆಯನ್ನು ನಂಬುವ ಹಾಗಿಲ್ಲ.