ಮನೆಗೊಂದೇ ಪ್ರಿಂಟರ್: ಮುದ್ರಣದ ಜೊತೆಗೆ ಸ್ಕ್ಯಾನೂ ಎಲ್ಲರಿಗೆ ಸಿಗಬೇಕಾದರೆ

ಪ್ರಿಂಟರ್ ಹಂಚಿಕೊಳ್ಳುವುದು ಸುಲಭ, ಪೇಚಿರುವುದು ಸ್ಕ್ಯಾನರಿನಲ್ಲಿ. ಎರಡೂ ಒಂದೇ ಡಬ್ಬಿಯೊಳಗಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅವು ಬೇರೆ ಬೇರೆ ಯಂತ್ರಗಳು. ಯುಎಸ್‌ಬಿ ತಂತಿಯಿಂದ ಒಂದು ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್‌ನ ‘ಪ್ರಿಂಟರ್ ಪ್ರಾಪರ್ಟೀಸ್’ನಲ್ಲಿ ‘ಶೇರ್ ದಿಸ್ ಪ್ರಿಂಟರ್’ಗೆ ಗುರುತು ಹಾಕಿದರೆ ಉಳಿದವರಿಗೆ ದಕ್ಕುವುದು ಮುದ್ರಣ ಮಾತ್ರ. ಅದೂ ಆ ಕಂಪ್ಯೂಟರ್ ಚಾಲೂ ಇದ್ದಾಗ. ಆದ್ದರಿಂದ ಯಂತ್ರದಲ್ಲಿ ವೈಫೈ ಇದ್ದರೆ ಯುಎಸ್‌ಬಿ ತಂತಿಯನ್ನು ಸುತ್ತಿ ಕಪಾಟಿನಲ್ಲಿಡಿ ಎನ್ನುವವನು ನಾನು.

ನಮ್ಮದು ಶಿರಸಿ ಕಡೆಯ ಹಳೆಯ ಮನೆ, ಚೀರೆಕಲ್ಲಿನ ದಪ್ಪ ಗೋಡೆಗಳು. ಅಪ್ಪಯ್ಯನಿಗೆ ಪಹಣಿ, ಸೊಸೈಟಿಯ ಕಾಗದಗಳನ್ನು ಸ್ಕ್ಯಾನ್ ಮಾಡಬೇಕು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಡತಿ ಪ್ರಶ್ನೆಪತ್ರಿಕೆಯನ್ನು ಮೊಬೈಲಿನಿಂದಲೇ ಮುದ್ರಿಸುತ್ತಾಳೆ. ಮಗಳ ಕೆಲಸವೆಲ್ಲ ಲ್ಯಾಪ್‌ಟಾಪಿನಲ್ಲಿ. ಯಂತ್ರ ಮಾತ್ರ ಒಂದೇ, ಜಗಲಿಯ ಮೂಲೆಯಲ್ಲಿ.

ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳಲ್ಲಿ ಬರುತ್ತದೆ. ಮನೆಬಳಕೆಯ ಅನೇಕ ಪ್ರಿಂಟರುಗಳು ಹಿಡಿಯುವುದು 2.4 ಮಾತ್ರ. ಇದಕ್ಕೆ ಬೇಸರಪಡಬೇಕಾಗಿಲ್ಲ, ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ದಾಟುವುದು ಅದೇ. ರೂಟರಿನಲ್ಲಿ ಎರಡಕ್ಕೂ ಬೇರೆ ಹೆಸರಿದ್ದರೆ, ಮೊದಲ ಸಲ ಜೋಡಿಸುವಾಗ ಮೊಬೈಲನ್ನೂ 2.4ರಲ್ಲೇ ಇಟ್ಟುಕೊಳ್ಳಿ. ನೆಂಟರಿಗೆಂದು ಇಟ್ಟ ‘ಗೆಸ್ಟ್’ ವೈಫೈಗೆ ಪ್ರಿಂಟರನ್ನು ಸೇರಿಸಬೇಡಿ. ಅಲ್ಲಿರುವ ಸಾಧನಗಳು ಮನೆಯ ಉಳಿದ ಸಾಧನಗಳಿಗೆ ಸಾಮಾನ್ಯವಾಗಿ ಕಾಣುವುದಿಲ್ಲ.

ಇನ್ನು ನಿಜವಾದ ಕಾಟದ ವಿಷಯ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ‘ಪ್ರಿಂಟರ್ ಆಫ್‌ಲೈನ್’ ಎಂದು ಬರುತ್ತದಲ್ಲ, ಆಗ ಸಾಮಾನ್ಯವಾಗಿ ಯಂತ್ರ ಕೆಟ್ಟಿರುವುದಿಲ್ಲ. ರೂಟರ್ ಮತ್ತೆ ಹೊತ್ತಿಕೊಂಡಾಗ ಪ್ರಿಂಟರಿಗೆ ಬೇರೊಂದು ಐಪಿ ವಿಳಾಸ (ಮನೆಯ ನೆಟ್‌ವರ್ಕಿನಲ್ಲಿ ಅದನ್ನು ಹುಡುಕುವ ಸಂಖ್ಯೆ) ಕೊಟ್ಟಿರುವುದೇ ಹೆಚ್ಚು. ಕಂಪ್ಯೂಟರ್ ಇನ್ನೂ ಬಾಡಿಗೆದಾರ ಬಿಟ್ಟುಹೋದ ಮನೆಯ ಬಾಗಿಲು ಬಡಿಯುತ್ತಿರುತ್ತದೆ. ಜನ ಪ್ರಿಂಟರ್ ನಡೆಸುವ ತಂತ್ರಾಂಶವಾದ ಡ್ರೈವರನ್ನು ತೆಗೆದು ಮತ್ತೆ ಹಾಕುತ್ತಾರೆ, ಸ್ವಲ್ಪ ದಿನ ಸರಿಹೋಗುತ್ತದೆ, ಮತ್ತೆ ಅದೇ ರಗಳೆ. ಇದಕ್ಕೆ ಮದ್ದೆಂದರೆ ಪ್ರಿಂಟರಿಗೆ ಕಾಯಂ ವಿಳಾಸ ಕೊಡುವುದು.

ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವಿವರದ ಪುಟವನ್ನು ಮುದ್ರಿಸಿಕೊಳ್ಳಿ. ಅದರಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸವಿರುತ್ತದೆ, ಅದು ಆ ಯಂತ್ರದ ಸ್ವಂತ ಗುರುತಿನ ಸಂಖ್ಯೆ. ಬ್ರೌಸರಿನಲ್ಲಿ ರೂಟರಿನ ಪುಟ ತೆರೆಯಿರಿ. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಸಾಧನಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ (DHCP) ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಥವಾ ಅಂಥದ್ದೇ ಹೆಸರಿನ ಜಾಗವಿರುತ್ತದೆ. ಅಲ್ಲಿ ಆ ಮ್ಯಾಕ್ ವಿಳಾಸದ ಎದುರು 192.168.1.50 ಎಂದೋ, ನಿಮ್ಮ ರೂಟರಿನ ಸಾಲಿಗೆ ಹೊಂದುವ (ಮೊದಲ ಮೂರು ಭಾಗ ರೂಟರಿನದ್ದೇ ಆಗಿರುವ) ಬೇರೆ ಸಂಖ್ಯೆಯನ್ನೋ ಬರೆದು ಉಳಿಸಿ, ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ. ಬಳಿಕ ಅದೇ ಸಂಖ್ಯೆಯನ್ನು ಬ್ರೌಸರಿನಲ್ಲಿ ಹೊಡೆದರೆ ಈಗಿನ ಬಹುತೇಕ ಪ್ರಿಂಟರುಗಳ ಸ್ವಂತ ಪುಟ ತೆರೆದುಕೊಳ್ಳುತ್ತದೆ. ಮುಂದೆ ಎಂದಾದರೂ ತೊಂದರೆ ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಪುಟ ತೆರೆದರೆ ವೈಫೈ ಸರಿಯಿದೆ, ದೋಷ ಕಂಪ್ಯೂಟರಿನ ಕಡೆಗಿದೆ. ಅಂದ ಹಾಗೆ, ಆ ಪುಟದ ಪಾಸ್‌ವರ್ಡನ್ನೂ ಆಗಲೇ ಬದಲಾಯಿಸಿಬಿಡಿ.

ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ತಾನಾಗಿ ಕಂಡದ್ದನ್ನು ಒಪ್ಪಿಕೊಳ್ಳುವ ಬದಲು ‘ಟಿಸಿಪಿ/ಐಪಿ’ (TCP/IP) ಎಂಬ ಆಯ್ಕೆಗೆ ಹೋಗಿ ಈ ವಿಳಾಸವನ್ನೇ ಕೊಡಿ. ಮೊಬೈಲಿನದು ಹೆಚ್ಚು ಕೆಲಸವಿಲ್ಲ: ಐಫೋನಿಗೆ 2010ರಿಂದಲೂ ‘ಏರ್‌ಪ್ರಿಂಟ್’ ಎಂಬ ಮುದ್ರಣ ವ್ಯವಸ್ಥೆ ಇದೆ, ಆಂಡ್ರಾಯ್ಡ್‌ನಲ್ಲಿ ಮುದ್ರಣ ಸೇವೆ ಫೋನಿನ ಜೊತೆಗೇ ಬರುತ್ತದೆ. ಫೋನೂ ಪ್ರಿಂಟರೂ ಒಂದೇ ವೈಫೈಯಲ್ಲಿರಬೇಕು, ಅಷ್ಟೆ.

ಸ್ಕ್ಯಾನ್ ಮಾಡಲು ಆಂಡ್ರಾಯ್ಡ್‌ನಲ್ಲಿ ‘ಮೋಪ್ರಿಯಾ ಸ್ಕ್ಯಾನ್’ ಆ್ಯಪ್, ಆಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ಮೊದಲೇ ಇರುವ ‘ಇಮೇಜ್ ಕ್ಯಾಪ್ಚರ್’ ಸಾಕು. ವಿಂಡೋಸ್‌ಗೆ ನನ್ನ ಆಯ್ಕೆ ಉಚಿತ ತಂತ್ರಾಂಶ ‘ನ್ಯಾಪ್ಸ್2’ (NAPS2). ಪ್ರಿಂಟರ್ ಕಂಪನಿಗಳ ತಂತ್ರಾಂಶಗಳು ಸ್ಕ್ಯಾನ್ ಮಾಡುವುದಕ್ಕಿಂತ ಇಂಕು ಮಾರುವುದರಲ್ಲಿ ಚುರುಕು. ವೈಫೈ ಇಲ್ಲದ ಹಳೆಯ ಯಂತ್ರವಿರುವವರಿಗೂ ಇದೇ ದಾರಿ: ಯುಎಸ್‌ಬಿ ತಂತಿ ಸಿಕ್ಕಿಸಿದ ಕಂಪ್ಯೂಟರಿನಲ್ಲಿ ನ್ಯಾಪ್ಸ್2ರ ‘ಸ್ಕ್ಯಾನರ್ ಶೇರಿಂಗ್’ ಚಾಲೂ ಮಾಡಿದರೆ ಆ ಸ್ಕ್ಯಾನರ್ ಮನೆಯ ಉಳಿದ ಕಂಪ್ಯೂಟರುಗಳಿಗೂ ಕಾಣಿಸುತ್ತದೆ.

ಕಾಗದಪತ್ರಗಳಿಗೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಧಾರಾಳವಾಯಿತು. ಅಷ್ಟರಲ್ಲೇ ಒಂದು ಎ4 ಹಾಳೆ ಸುಮಾರು 2480 × 3508 ಚುಕ್ಕೆಗಳಾಗುತ್ತದೆ. ಬಣ್ಣದಲ್ಲಾದರೆ, ಕುಗ್ಗಿಸುವ ಮೊದಲು, ಹತ್ತಿರ ಹತ್ತಿರ 26 ಎಂಬಿ. 600ಕ್ಕೆ ಏರಿಸಿದರೆ ಅದರ ನಾಲ್ಕು ಪಟ್ಟು. ಪಹಣಿಯಂಥ ಕಪ್ಪು-ಬಿಳಿ ಕಾಗದವನ್ನು ‘ಗ್ರೇಸ್ಕೇಲ್’ನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಉಳಿಸಿದರೆ ವೈಫೈಗೂ ಹಗುರ, ಅರ್ಜಿಯ ಜೊತೆ ಅಪ್‌ಲೋಡ್ ಮಾಡಲಿಕ್ಕೂ ಸಲೀಸು.

ಎಲ್ಲರೂ ದೂರದಿಂದಲೇ ಬಳಸುವ ಯಂತ್ರದ ಬಳಿಗೆ ಕೊನೆಗೆ ಹೋಗುವವರು ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ. ಇಂಕ್‌ಜೆಟ್ ಆದರೆ ಮೊದಲು ಯಂತ್ರದ ಮೇಲಿನ ಗುಂಡಿಯನ್ನು ಒತ್ತಲು ಹೇಳಿ. ಆಗಲೇ ಅದರ ಹೆಡ್, ಅಂದರೆ ಇಂಕು ಚಿಮ್ಮಿಸುವ ಭಾಗ, ತನ್ನ ಜಾಗಕ್ಕೆ ಸರಿದು ಮುಚ್ಚಳದಡಿ ಕೂರುವುದು. ಇಲ್ಲದಿದ್ದರೆ ಇಂಕು ಒಣಗಿ ಅಕ್ಷರಗಳ ನಡುವೆ ಬಿಳಿ ಗೆರೆ ಬೀಳತೊಡಗುತ್ತದೆ.