ಪ್ರಾಸ ಕಟ್ಟುವ ಬಗೆ

ಪದ್ಯ ಬರೆಯಲು ಹೊರಟವರು ಛಂದಸ್ಸಿನ ಪುಸ್ತಕ ತೆರೆಯುವ ಮೊದಲು ಗಾದೆಗಳಿಗೆ ಕಿವಿಗೊಡುವುದು ಒಳ್ಳೆಯದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬಲ್ಲಿ ದುಡಿಮೆಗೂ ಊಟಕ್ಕೂ ಗಂಟು ಹಾಕಿರುವುದು ‘ಸರು’ ಎಂಬ ನಾದವೇ. ಮೊಸರಿದ್ದಲ್ಲಿ ತುಪ್ಪ ಇಟ್ಟರೆ ಅರ್ಥ ಕೆಡದಿದ್ದರೂ ಗಾದೆ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಮುದ್ದೆಯನ್ನು ಹಿಟ್ಟೆಂದೇ ಕರೆಯುವ ಮಂಡ್ಯದ ಕಡೆಯವರಿಗೆ ‘ಹಿಟ್ಟಂ ತಿಂದವ ಬೆಟ್ಟವ ಕಿತ್ತಿಟ್ಟ’ ಎಂಬುದರ ‘ಟ್ಟ’ಕಾರದ ಬಲವನ್ನು ವಿವರಿಸಬೇಕಾಗಿಲ್ಲ.

ಸಾಲಿನ ಕೊನೆಯಲ್ಲಿ ಬರುವ ಅಂತ್ಯಪ್ರಾಸ ಕನ್ನಡದಲ್ಲಿ ಬಲು ಅಗ್ಗ. ನಮ್ಮ ವಾಕ್ಯಗಳು ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುವುದರಿಂದ ‘ಹೋಗುತ್ತಾನೆ’, ‘ಬರುತ್ತಾನೆ’ ಎಂದು ಎಷ್ಟು ಸಾಲನ್ನು ಬೇಕಾದರೂ ಹೊಂದಿಸಬಹುದು. ಹಾಗಾಗಿ ಪ್ರತ್ಯಯವನ್ನು ತೆಗೆದು ನೋಡಿ: ಉಳಿಯುವ ‘ಹೋಗು’, ‘ಬರು’ಗಳಲ್ಲಿ ಹೊಂದಿಕೆಯಿಲ್ಲದಿದ್ದರೆ ಅಲ್ಲಿರುವುದು ವ್ಯಾಕರಣವೇ ಹೊರತು ಪ್ರಾಸವಲ್ಲ.

ಕನ್ನಡದ ಹಳೆಯ ಕವಿಗಳು ಕಡ್ಡಾಯವಾಗಿ ಪಾಲಿಸುತ್ತಿದ್ದುದು ಆದಿಪ್ರಾಸವನ್ನು. ಇದರಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಸ್ವರ ಬೇರೆಯಾದರೂ ಅಡ್ಡಿಯಿಲ್ಲ. ಆದರೆ ಮೊದಲ ಅಕ್ಷರ ಒಂದು ಸಾಲಿನಲ್ಲಿ ಹ್ರಸ್ವವಾದರೆ ಎಲ್ಲ ಸಾಲುಗಳಲ್ಲೂ ಹ್ರಸ್ವ, ದೀರ್ಘವಾದರೆ ದೀರ್ಘ. ನಾಗವರ್ಮನ ‘ಛಂದೋಂಬುಧಿ’ ಇದನ್ನು ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಆರು ಬಗೆಯಾಗಿ ವಿಂಗಡಿಸುತ್ತದೆ. ಮೊದಲಕ್ಷರ ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಪ್ರಾಸಾಕ್ಷರದ ಹಿಂದೆ ಸೊನ್ನೆಯಿದ್ದರೆ ವೃಷಭ, ಮೇಲಿನ ಗಾದೆಯಂತೆ ಸಜಾತಿಯ ಒತ್ತಿದ್ದರೆ ಹಯ. ಉಳಿದೆರಡು ಆರಂಭಿಕರಿಗೆ ಸದ್ಯಕ್ಕೆ ಬೇಡ.

ಆದಿಪ್ರಾಸ, ಅಂತ್ಯಪ್ರಾಸ ಎರಡನ್ನೂ ಕೂಡಿಸಿದ ಒಂದು ಜೋಡಿ ಸಾಲನ್ನು ನೋಡೋಣ:

ನಾಲೆಗೆ ಬಂದಿದೆ ಕಟ್ಟೆಯ ನೀರು
ಗಾಲಿಯ ಸದ್ದಿಗೆ ಎದ್ದಿದೆ ಊರು

‘ನಾಲೆ’, ‘ಗಾಲಿ’ಗಳಲ್ಲಿ ದೀರ್ಘದ ನಂತರ ಲಕಾರ ಬಂದು ಗಜಪ್ರಾಸವಾಗಿದೆ, ಕೊನೆಯ ‘ನೀರು’, ‘ಊರು’ಗಳಲ್ಲಿ ಯಾವ ಪ್ರತ್ಯಯದ ನೆರವೂ ಇಲ್ಲ. ‘ಗಾಲಿ’ಯ ಬದಲು ‘ಗಾಳಿ’ ಎಂದು ಬರೆದಿದ್ದರೆ, ಹಲ್ಲಿಗೂ ಹಳ್ಳಿಗೂ ವ್ಯತ್ಯಾಸ ಕೇಳುವ ಕಿವಿ ಅದನ್ನು ಒಪ್ಪುತ್ತಿರಲಿಲ್ಲ.

ಬರೆದುದನ್ನು ಗಟ್ಟಿಯಾಗಿ ಓದಿ, ಪ್ರಾಸಕ್ಕಾಗಿಯೇ ಬಂದು ಕುಳಿತಿರುವ ಪದ ಸಿಕ್ಕಿದರೆ ಮೊದಲು ಇಡೀ ಸಾಲನ್ನೇ ತಿರುಗಿಸಿ ಬರೆಯಿರಿ. ಆಗಲೂ ಆಗದಿದ್ದರೆ ಪ್ರಾಸವನ್ನೇ ಬಿಡಬಹುದು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ಬಿಟ್ಟ ಮೇಲೆ ಆ ಕಟ್ಟು ಯಾರಿಗೂ ಕಡ್ಡಾಯವಾಗಿ ಉಳಿದಿಲ್ಲ.